ಹರಡುವ ಗಿಡಕ್ಕೆ ಜಾಗ ಬಿಡಿ



ಓಹಾಯೋ, ಮಿಶಿಗನ್, ನ್ಯೂಜೆರ್ಸಿ ಕಡೆ ಹಳೆಯ ಮನೆ ಕೊಂಡ ನಮ್ಮವರಿಗೆ ಮನೆಯ ಜೊತೆಗೆ ಕೇಳದೆಯೇ ಬರುವ ಆಸ್ತಿಯೊಂದಿದೆ. ಮುಂಬಾಗಿಲಿನ ಎರಡೂ ಬದಿಗೆ, ಕಿಟಕಿಗಳ ಕೆಳಗೆ, ಗೋಡೆಗೆ ಒತ್ತಿಕೊಂಡು ಕೂತ ಕಡು ಹಸಿರು ಪೊದೆಗಳು. ಹಿಂದಿನ ಮಾಲೀಕರು ನೆಟ್ಟದ್ದೋ, ಅವರಿಗೂ ಹಿಂದಿನವರು ನೆಟ್ಟದ್ದೋ ಯಾರಿಗೂ ನೆನಪಿರುವುದಿಲ್ಲ. ಜನವರಿಯಲ್ಲಿ ಬೀದಿಯ ಮರಗಳೆಲ್ಲ ಬೋಳಾಗಿ ನಿಂತಾಗಲೂ ಇವು ಹಾಗೇ ಹಸಿರಾಗಿರುತ್ತವೆ. ಈ ಪೊದೆಯ ಹೆಸರು ಯೂ. ಸಸ್ಯಶಾಸ್ತ್ರದವರು ಟ್ಯಾಕ್ಸಸ್ ಎನ್ನುತ್ತಾರೆ.

ಈ ಗಿಡದ ಬಗ್ಗೆ ನನ್ನನ್ನು ಜನ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಎರಡೇ. ಎಲೆ ಹಳದಿಯಾಗುತ್ತಿದೆ, ಏನು ಹಾಕಲಿ? ಬೆಳೆದು ಕಿಟಕಿ ಮುಚ್ಚಿದೆ, ಕಿತ್ತು ಹಾಕಲೇ? ಮೊದಲನೆಯದಕ್ಕೆ ನನ್ನ ಉತ್ತರ: ಏನೂ ಹಾಕಬೇಡಿ, ನೀರು ಎಲ್ಲಿ ನಿಲ್ಲುತ್ತಿದೆ ನೋಡಿ. ಎರಡನೆಯದಕ್ಕೆ: ಕೀಳಬೇಡಿ, ಕತ್ತರಿ ತನ್ನಿ. ಇವತ್ತಿನ ಮಾತು ಹೆಚ್ಚುಕಡಿಮೆ ಈ ಎರಡು ಉತ್ತರಗಳ ವಿವರಣೆ. ನಡುವೆ ವಿಷದ ವಿಚಾರವೂ ಬರುತ್ತದೆ. ಮಕ್ಕಳಿರುವ ಮನೆಯವರು, ನಾಯಿ ಸಾಕಿದವರು ಅದನ್ನು ಮಾತ್ರ ದಯವಿಟ್ಟು ಗಮನವಿಟ್ಟು ಕೇಳಿ.

ಮೊದಲು ಗುರುತು. ಯೂ ಎಲೆ ಸೂಜಿಯಂತಿದ್ದರೂ ಚುಚ್ಚುವುದಿಲ್ಲ. ಚಪ್ಪಟೆಯಾಗಿ, ಮೆತ್ತಗೆ, ಒಂದು ಅಂಗುಲದ ಆಸುಪಾಸಿನಲ್ಲಿರುತ್ತದೆ. ಮೇಲೆ ಕಪ್ಪಿಗೆ ತಿರುಗಿದ ಹಸಿರು, ಅಡಿಯಲ್ಲಿ ತಿಳಿಹಸಿರು. ಅಡಿಯಲ್ಲಿ ಎರಡು ಬಿಳಿ ಗೆರೆ ಕಂಡರೆ ಅದು ಹೆಮ್ಲಾಕ್ ಮರ, ಯೂ ಅಲ್ಲ. ಹೆಣ್ಣು ಗಿಡದಲ್ಲಿ ಶರತ್ಕಾಲಕ್ಕೆ ಕೆಂಪು ಹಣ್ಣು ಬರುತ್ತದೆ. ಬಟ್ಟಲಿನ ಹಾಗೆ ಬಾಯಿ ತೆರೆದ, ರಸ ತುಂಬಿದ ಹಣ್ಣು. ಒಳಗೆ ಒಂದೇ ಒಂದು ಕಂದು ಬೀಜ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ.

ಇಲ್ಲಿನ ಮನೆಗಳ ಮುಂದೆ ನಾವು ನೋಡುವ ಯೂ ಹೆಚ್ಚಿನ ಪಾಲು ಮಿಶ್ರತಳಿ. ಇಂಗ್ಲೆಂಡಿನ ಯೂ ಚೆಲುವಾದದ್ದು, ದೀರ್ಘಾಯುಷಿ, ಆದರೆ ಅಮೆರಿಕದ ಉತ್ತರದ ಚಳಿಗೆ ಬಗ್ಗುತ್ತದೆ. ಜಪಾನಿನ ಯೂ ಚಳಿಗೆ ಗಟ್ಟಿ. ಮ್ಯಾಸಚೂಸೆಟ್ಸ್‌ನ ವೆಲ್ಸ್ಲಿ ಊರಿನ ಹನಿವೆಲ್ ಎಸ್ಟೇಟಿನಲ್ಲಿ ತೋಟಗಾರನಾಗಿದ್ದ ಟಿ. ಡಿ. ಹ್ಯಾಟ್‌ಫೀಲ್ಡ್ 1900ರ ಸುಮಾರಿಗೆ ಈ ಎರಡನ್ನೂ ಕೂಡಿಸಿ ಬೆಳೆಸಿದ. ಒಂದರ ಚೆಲುವು, ಇನ್ನೊಂದರ ಗಟ್ಟಿತನ ಎರಡೂ ಬಂದವು. ಆಮೇಲೆ ಹುಟ್ಟಿದ ತಳಿಗಳಿಗೆ ಲೆಕ್ಕವಿಲ್ಲ. ನೋಡುವ ಆಸೆ ಇದ್ದವರು ನಮ್ಮ ಓಹಾಯೋದ ವೂಸ್ಟರ್‌ನಲ್ಲಿರುವ ಸೀಕ್ರೆಸ್ಟ್ ಆರ್ಬೊರೇಟಂಗೆ ಹೋಗಿ. ಯೂ ತಳಿಗಳ ದೊಡ್ಡ ಸಂಗ್ರಹ ಅಲ್ಲಿದೆ. ನರ್ಸರಿಯಲ್ಲಿ ಒಂದೂವರೆ ಅಡಿಯ ಕುಂಡದಲ್ಲಿ ಮುದ್ದಾಗಿ ಕಾಣುವ ಗಿಡ ಮುಪ್ಪಿನಲ್ಲಿ ಎಷ್ಟು ಜಾಗ ಕೇಳುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ.

ಎತ್ತರಕ್ಕೆ ಹೋಗುವ ತಳಿಗಳನ್ನು ಇವತ್ತು ಬಿಟ್ಟುಬಿಡೋಣ. ಮನೆಯ ಮುಂದಕ್ಕೆ ಬೇಕಾದದ್ದು ಅಡ್ಡಕ್ಕೆ ಹರಡುವವು. ನರ್ಸರಿಗಳಲ್ಲಿ ಸುಲಭವಾಗಿ ಸಿಗುವುದು ಡೆನ್ಸಿಫಾರ್ಮಿಸ್. ಮೂರು ನಾಲ್ಕು ಅಡಿ ಎತ್ತರ, ನಾಲ್ಕರಿಂದ ಆರು ಅಡಿ ಅಗಲ ಎಂದು ಚೀಟಿಯಲ್ಲಿ ಬರೆದಿರುತ್ತದೆ; ಬಿಟ್ಟರೆ ಅದಕ್ಕೂ ಮೀರುತ್ತದೆ. ವಾರ್ಡಿ ಎಂಬುದು ಆರೆಂಟು ಅಡಿ ಎತ್ತರಕ್ಕೆ ಹೋಗಿ ಅಗಲದಲ್ಲಿ ಅದರ ಇಮ್ಮಡಿ ಆಗುತ್ತದೆ, ಸಣ್ಣ ಅಂಗಳಕ್ಕೆ ಬೇಡ. ರೆಪಾಂಡೆನ್ಸ್ ತಗ್ಗಾಗಿ ಹರಡಿ ತುದಿ ಬಾಗಿಸುವ ಇಂಗ್ಲಿಷ್ ತಳಿ. ನನ್ನ ಆಯ್ಕೆ ಕೇಳಿದರೆ ಟಾಂಟನ್. ಚಳಿಗಾಲದಲ್ಲಿ ಎಲೆ ಸುಡುವ ಕಾಟ ಅದಕ್ಕೆ ಕಡಿಮೆ.

ಯೂ ನಿಧಾನಿ. ವರ್ಷಕ್ಕೆ ಅರ್ಧ ಅಡಿ ಬೆಳೆದರೆ ಹೆಚ್ಚು. ಹಾಗಾಗಿಯೇ ಜನ ಮೋಸ ಹೋಗುವುದು. ನೆಟ್ಟ ಹೊಸತರಲ್ಲಿ ಗಿಡಗಳ ನಡುವೆ ಖಾಲಿ ಜಾಗ ಕಾಣುತ್ತದೆ ಎಂದು ಎರಡಡಿಗೊಂದು ನೆಡುತ್ತಾರೆ. ಗೋಡೆಯಿಂದ ಒಂದಡಿ ದೂರದಲ್ಲಿ ಗುಣಿ ತೋಡುತ್ತಾರೆ. ಹದಿನೈದು ವರ್ಷದ ಮೇಲೆ ಅದು ಗೋಡೆಯನ್ನೂ ಪಕ್ಕದ ಗಿಡವನ್ನೂ ಒತ್ತುತ್ತದೆ. ಗಿಡದಿಂದ ಗಿಡಕ್ಕೆ ನಾಲ್ಕೈದು ಅಡಿ, ಗೋಡೆಯಿಂದ ಕನಿಷ್ಠ ಮೂರಡಿ ಬಿಡಿ. ನಡುವಿನ ಖಾಲಿ ಜಾಗದಲ್ಲಿ ಮೊದಲ ಕೆಲವು ವರ್ಷ ಚೆಂಡುಹೂವನ್ನೋ ಪುದೀನವನ್ನೋ ಹಾಕಿಕೊಳ್ಳಿ. ಪುದೀನ ಕುಂಡದಲ್ಲೇ ಇರಲಿ, ಇಲ್ಲವಾದರೆ ಅಂಗಳವೆಲ್ಲ ಅದೇ ಆಗುತ್ತದೆ.

ನೆಡಲು ಈಗ, ಅಂದರೆ ಸೆಪ್ಟೆಂಬರಿನಿಂದ ಅಕ್ಟೋಬರ್ ಮಧ್ಯದವರೆಗೆ, ಒಳ್ಳೆಯ ಕಾಲ. ತಪ್ಪಿದರೆ ವಸಂತದಲ್ಲಿ ನೆಡಿ. ಗುದ್ದಲಿ ಹಾಕುವ ಮೊದಲು 811ಕ್ಕೆ ಫೋನ್ ಮಾಡಿ. ಗ್ಯಾಸು, ಕರೆಂಟಿನ ತಂತಿ ನೆಲದೊಳಗೆ ಎಲ್ಲಿ ಹೋಗಿದೆ ಎಂದು ದುಡ್ಡಿಲ್ಲದೆ ಗುರುತು ಹಾಕಿಕೊಡುತ್ತಾರೆ. ಗುಣಿ ಬೇರಿನ ಗಡ್ಡೆಗಿಂತ ಎರಡು ಮೂರು ಪಟ್ಟು ಅಗಲವಿರಲಿ, ಆಳ ಮಾತ್ರ ಗಡ್ಡೆಯಷ್ಟೇ. ನಮ್ಮೂರಿನಲ್ಲಿ ತೆಂಗಿನ ಸಸಿಗೆ ಆಳದ ಗುಣಿ ತೋಡಿದ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಆಳಕ್ಕೆ ಇಳಿಸಿದ ಯೂ ಬೇರು ಉಸಿರುಗಟ್ಟುತ್ತದೆ. ಕುಂಡದೊಳಗೆ ಬೇರು ಸುತ್ತಿಕೊಂಡಿದ್ದರೆ ಚಾಕುವಿನಿಂದ ನಾಲ್ಕು ಕಡೆ ಗೀರಿ ಬಿಡಿಸಿ. ಗೋಣಿ ಸುತ್ತಿ ಬಂದ ಗಿಡವಾದರೆ ಗುಣಿಯಲ್ಲಿ ಕೂರಿಸಿದ ಮೇಲೆ ಹಗ್ಗ, ತಂತಿ, ಗೋಣಿ ಕತ್ತರಿಸಿ ತೆಗೆಯಿರಿ. ಮಣ್ಣಿನ ರಸಸಾರ ಆರರಿಂದ ಏಳರ ನಡುವೆ ಇದ್ದರೆ ಸಾಕು. ಬಿಸಿಲಾದರೂ ಸೈ, ನೆರಳಾದರೂ ಸೈ. ಉತ್ತರ ಗೋಡೆಯ ಪಕ್ಕದ ಗಾಢ ನೆರಳಿನಲ್ಲೂ ಬದುಕುವ ನಿತ್ಯಹಸಿರು ಪೊದೆ ಇಷ್ಟು ಚಳಿಯ ನಾಡಿನಲ್ಲಿ ಅಪರೂಪ.

ಮಣ್ಣು ಹೇಗಿದ್ದರೂ ಹೊಂದಿಕೊಳ್ಳುವ ಈ ಗಿಡ ಒಂದನ್ನು ಮಾತ್ರ ಸಹಿಸುವುದಿಲ್ಲ: ನಿಂತ ನೀರು. ಮಲೆನಾಡಿನ ಕೇಳುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಡಿಕೆಗೆ ಕೊಳೆರೋಗ, ಮೆಣಸಿನ ಬಳ್ಳಿಗೆ ಸೊರಗು ರೋಗ ತರುವ ಫೈಟಾಫ್ತೊರಾ ಕುಲದ ಜೀವಿಗಳೇ ಇಲ್ಲಿ ಯೂ ಬೇರನ್ನೂ ಕೊಳೆಯಿಸುತ್ತವೆ. ಮೊದಲು ಒಂದು ಕವಲು ಹಳದಿಯಾಗುತ್ತದೆ, ಆಮೇಲೆ ಒಂದು ಬದಿ, ಕೊನೆಗೆ ಇಡೀ ಪೊದೆ. ಹಳದಿ ಕಂಡೊಡನೆ ಬಾಯಾರಿದೆ ಎಂದುಕೊಂಡು ಇನ್ನಷ್ಟು ನೀರು ಹಾಕುತ್ತಾರೆ. ಅಲ್ಲಿಗೆ ಮುಗಿಯಿತು. ಊರಿಂದ ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮಂದಿರು ಬೆಳಿಗ್ಗೆ ಎದ್ದು ಪೈಪು ಹಿಡಿದು ಅಂಗಳದ ಗಿಡಗಳಿಗೆಲ್ಲ ನೀರುಣಿಸುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅವರ ಪ್ರೀತಿಯನ್ನು ಟೊಮೆಟೊ, ಬದನೆ, ಮೆಂತ್ಯದ ಪಾತಿಗೆ ತಿರುಗಿಸಿ. ಬೇರು ಹಿಡಿದ ಯೂಗೆ ದಿನವೂ ನೀರು ಬೇಡವೇ ಬೇಡ.

ಇನ್ನೊಬ್ಬ ಕಳ್ಳ ಇದ್ದಾನೆ: ಮಾಡಿನ ನೀರು ಇಳಿಸುವ ಕೊಳವೆ. ಇಲ್ಲಿನ ಮನೆಗಳಲ್ಲಿ ಸೂರಿನಂಚಿನ ದೋಣಿಯಿಂದ ಮಳೆನೀರು ಮೂಲೆಯ ಕೊಳವೆಯಲ್ಲಿ ಇಳಿದು ನೇರ ಗಿಡದ ಬುಡಕ್ಕೇ ಸುರಿಯುತ್ತದೆ. ಸಾಲಿನಲ್ಲಿ ನೆಟ್ಟ ಐದಾರು ಯೂಗಳಲ್ಲಿ ಮೂಲೆಯದ್ದು ಮಾತ್ರ ಸತ್ತಿದ್ದರೆ ರೋಗ ಹುಡುಕುವ ಮೊದಲು ಕೊಳವೆಯ ಬಾಯಿ ನೋಡಿ. ನೆಡುವ ಮುನ್ನ ಸಣ್ಣದೊಂದು ಪರೀಕ್ಷೆ ಮಾಡಬಹುದು. ಒಂದಡಿ ಗುಣಿ ತೆಗೆದು ನೀರು ತುಂಬಿ, ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ಗಂಟೆಗೆ ಒಂದು ಅಂಗುಲವಾದರೂ ಇಳಿಯದಿದ್ದರೆ ಆ ಜಾಗದಲ್ಲಿ ಯೂ ಬೇಡ, ಅಥವಾ ದಿಬ್ಬ ಮಾಡಿ ಅದರ ಮೇಲೆ ನೆಡಿ. ಓಹಾಯೋದ ಜೇಡಿಮಣ್ಣಿನಲ್ಲಿ ಈ ಪರೀಕ್ಷೆ ಮಾಡದೆ ನೆಡುವುದು ದುಡ್ಡು ಚೆಲ್ಲುವ ಕೆಲಸ.

ಹಾಗೆಂದು ಹೊಸ ಗಿಡವನ್ನು ಒಣಗಿಸಬೇಡಿ. ಮೊದಲ ಎರಡು ವರ್ಷ ಮಳೆ ಇಲ್ಲದ ವಾರಗಳಲ್ಲಿ ವಾರಕ್ಕೊಂದು ಅಂಗುಲ ನೀರು, ಒಮ್ಮೆಲೇ, ಆಳಕ್ಕೆ ಇಳಿಯುವ ಹಾಗೆ. ಮರದ ತೊಗಟೆಯ ಚೂರನ್ನು ಎರಡು ಮೂರು ಅಂಗುಲ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ ಬಿಡಿ. ಗೊಬ್ಬರದ ವಿಚಾರದಲ್ಲಿ ನಾನು ಜಿಪುಣ. ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡರೆ ಹಾಕಿ, ಇಲ್ಲದಿದ್ದರೆ ವರ್ಷಕ್ಕೊಮ್ಮೆ ಒಂದಿಷ್ಟು ಕಾಂಪೋಸ್ಟ್ ಸಾಕು.

ಶರತ್ಕಾಲದಲ್ಲಿ ಮಾತ್ರ ನೀರಿನ ನಿಯಮ ಸ್ವಲ್ಪ ಬದಲಾಗುತ್ತದೆ. ನೆಲ ಹೆಪ್ಪುಗಟ್ಟಿದ ಮೇಲೆ ಬೇರು ನೀರು ಎಳೆಯಲಾರದು. ಆದರೆ ಫೆಬ್ರವರಿ, ಮಾರ್ಚಿನ ಬಿಸಿಲು ಮತ್ತು ಒಣಗಾಳಿ ಎಲೆಯಿಂದ ನೀರು ಹೀರುತ್ತಲೇ ಇರುತ್ತವೆ. ವಸಂತಕ್ಕೆ ಗಿಡದ ಒಂದು ಬದಿ ಕಂದಾಗಿ ಸುಟ್ಟಂತೆ ಕಾಣುವುದು ಇದರಿಂದಲೇ. ಅಕ್ಟೋಬರ್, ನವೆಂಬರಿನಲ್ಲಿ ಮಳೆ ಕಡಿಮೆಯಾದರೆ ನೆಲ ಗಟ್ಟಿಯಾಗುವವರೆಗೂ ಆಗಾಗ ನೀರು ಕೊಡಿ. ಗಾಳಿ ಬೀಸುವ ಕಡೆಗೆ ನಾಲ್ಕು ಗೂಟ ಹೊಡೆದು ಗೋಣಿತಾಟು ಕಟ್ಟಿ. ಗಿಡಕ್ಕೇ ಸುತ್ತಬೇಡಿ, ಮುಂದೆ ತೆರೆ ಕಟ್ಟಿದಂತೆ ನಿಲ್ಲಿಸಿ. ರಸ್ತೆಗೆ ಎಸೆಯುವ ಉಪ್ಪು ಸಿಡಿಯುವ ಅಂಚಿನಲ್ಲಿ ಯೂ ನೆಡದಿರುವುದೇ ಒಳ್ಳೆಯದು. ಏಪ್ರಿಲ್‌ನಲ್ಲಿ ಕಂದು ಎಲೆ ಕಂಡೊಡನೆ ಗಿಡ ಸತ್ತಿತು ಎಂದು ಗುದ್ದಲಿ ಹುಡುಕಬೇಡಿ. ಉಗುರಿನಿಂದ ಕಡ್ಡಿಯ ಸಿಪ್ಪೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೂನ್‌ವರೆಗೆ ಕಾಯಿರಿ. ಎಲೆ ಹೋದರೂ ಮೊಗ್ಗು ಉಳಿದಿರುತ್ತದೆ, ಹೊಸ ಚಿಗುರು ಕಂದನ್ನು ಮುಚ್ಚುತ್ತದೆ.

ಇನ್ನು ಸವರುವ ವಿಚಾರ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಅಮೆರಿಕದ ಯಾವ ಬಡಾವಣೆಗೆ ಹೋದರೂ ಮನೆಯ ಮುಂದೆ ಲಾಡು ಕಟ್ಟಿ ಸಾಲಾಗಿ ಇಟ್ಟಂತೆ ಯೂ ಪೊದೆಗಳು. ತೋಟದ ಕೆಲಸದವರು ಎಂಜಿನ್ ಕತ್ತರಿ ಹಿಡಿದು ಬರುತ್ತಾರೆ, ಹತ್ತು ನಿಮಿಷದಲ್ಲಿ ಎಲ್ಲವನ್ನೂ ಉಂಡೆ ಮಾಡಿ ಹೋಗುತ್ತಾರೆ. ಅಡ್ಡಕ್ಕೆ ಹರಡಲೆಂದೇ ಆರಿಸಿ ತಂದ ಗಿಡವನ್ನು ಉಂಡೆ ಮಾಡುವುದಾದರೆ ಅದನ್ನು ಕೊಂಡದ್ದಾದರೂ ಯಾಕೆ? ಅಂದದ ಮಾತು ಒತ್ತಟ್ಟಿಗಿರಲಿ, ಗಿಡಕ್ಕೂ ನಷ್ಟವಿದೆ. ಪ್ರತಿ ಸಲ ಹೊರಮೈಯನ್ನು ಮಾತ್ರ ಕತ್ತರಿಸಿದಾಗ ತುದಿಗಳಲ್ಲಿ ಚಿಗುರು ಒತ್ತೊತ್ತಾಗಿ ಬಂದು ಒಂದು ಚಿಪ್ಪು ಕಟ್ಟುತ್ತದೆ. ಬೆಳಕು ಒಳಕ್ಕೆ ಇಳಿಯುವುದಿಲ್ಲ, ಒಳಗಿನ ಎಲೆ ಉದುರಿ ಬರೀ ಕಡ್ಡಿ ಉಳಿಯುತ್ತದೆ. ಮುಂದೆ ಎಲ್ಲಾದರೂ ಚಿಪ್ಪು ಒಡೆದರೆ ಒಳಗಿನ ಬೋಳು ಕಣ್ಣಿಗೆ ರಾಚುತ್ತದೆ.

ಕೈಕತ್ತರಿ ತೆಗೆದುಕೊಳ್ಳಿ. ಉದ್ದಕ್ಕೆ ಚಾಚಿದ ಕವಲನ್ನು ಹಿಡಿದು, ಅದರ ಜಾಡು ಹಿಡಿದು ಪೊದೆಯ ಒಳಕ್ಕೆ ಕೈ ಹಾಕಿ, ಪಕ್ಕದ ಸಣ್ಣ ಕವಲೊಂದು ಹೊರಟಿರುವ ಕಡೆ ಕತ್ತರಿಸಿ. ಕತ್ತರಿಸಿದ ಗುರುತು ಮೇಲಿನ ಎಲೆಗಳ ಮರೆಗೆ ಹೋಗಬೇಕು. ಹೀಗೆ ಅಲ್ಲೊಂದು ಇಲ್ಲೊಂದು ತೆಗೆದರೆ ಬೆಳಕು ಒಳಗಿಳಿಯುತ್ತದೆ, ಗಿಡ ಚಿಕ್ಕದಾಗುತ್ತದೆ, ನೋಡಿದವರಿಗೆ ಯಾರೋ ಕತ್ತರಿ ಆಡಿಸಿದ್ದಾರೆ ಎಂದೂ ತಿಳಿಯುವುದಿಲ್ಲ. ಸಮಯ ಹಿಡಿಯುತ್ತದೆ, ಒಪ್ಪಿದೆ. ಆದರೆ ವರ್ಷಕ್ಕೆ ಒಮ್ಮೆ ಮಾಡಿದರೆ ಸಾಕು. ಚಿಗುರೊಡೆಯುವ ಮೊದಲು, ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರಗಳು ಪ್ರಶಸ್ತ. ಬೇಕಿದ್ದರೆ ಜೂನ್ ಕೊನೆ, ಜುಲೈನಲ್ಲಿ ಹಗುರವಾಗಿ ಇನ್ನೊಮ್ಮೆ. ಆಗಸ್ಟ್ ಕಳೆದ ಮೇಲೆ ಕತ್ತರಿ ಮುಟ್ಟಬೇಡಿ; ಆಗ ಬರುವ ಎಳೆ ಚಿಗುರು ಬಲಿಯುವ ಮುನ್ನವೇ ಚಳಿಗೆ ಸಿಕ್ಕಿ ಸಾಯುತ್ತದೆ. ಬೇಲಿಯಾಗಿಯೇ ಬೆಳೆಸಬೇಕೆಂದರೆ ಬುಡ ಅಗಲ, ತಲೆ ಕಿರಿದು ಇರುವಂತೆ ಕತ್ತರಿಸಿ. ತಲೆ ದಪ್ಪವಾದರೆ ಬುಡಕ್ಕೆ ಬೆಳಕಿಲ್ಲದೆ ಎಲೆ ಉದುರುತ್ತದೆ.

ಬೆಳೆದು ಕಿಟಕಿ ಮುಚ್ಚಿದ ಮುದಿ ಪೊದೆಯದು ಬೇರೆ ಕಥೆ. ಸೂಜಿ ಎಲೆಯ ಗಿಡಗಳಲ್ಲಿ ಯೂಗೆ ಒಂದು ವಿಶೇಷ ಗುಣವಿದೆ. ಪೈನ್, ಜುನಿಪರ್, ಆರ್ಬರ್‌ವೈಟಿಗಳನ್ನು ಎಲೆಯಿಲ್ಲದ ಹಳೆಯ ಕಾಂಡದವರೆಗೆ ಕಡಿದರೆ ಮತ್ತೆ ಚಿಗುರುವುದಿಲ್ಲ. ಯೂ ಚಿಗುರುತ್ತದೆ. ತೊಡೆಯಷ್ಟು ದಪ್ಪದ ಹಳೆಯ ಕಾಂಡದ ಮೈಮೇಲೂ ಹಸಿರು ಮೊಳೆಯುತ್ತದೆ. ಇಂಗ್ಲೆಂಡಿನ ಕಂಬ್ರಿಯಾದ ಲೆವೆನ್ಸ್ ಹಾಲ್‌ನಲ್ಲಿ 1690ರ ದಶಕದಲ್ಲಿ ಶುರುವಾದ ತೋಟದ ಯೂ ಆಕೃತಿಗಳು ಇವತ್ತಿಗೂ ಕತ್ತರಿಗೆ ಮೈಯೊಡ್ಡಿ ನಿಂತಿರುವುದು ಈ ಗುಣದಿಂದಲೇ. ಹಾಗಾಗಿ ಆರೋಗ್ಯವಾಗಿರುವ ಮುದಿ ಪೊದೆಯನ್ನು ವಸಂತದ ಆರಂಭದಲ್ಲಿ ಅರ್ಧಕ್ಕೆ ಇಳಿಸಬಹುದು. ಭಯವಾದರೆ ಈ ವರ್ಷ ಮುಂದಿನ ಬದಿ, ಮುಂದಿನ ವರ್ಷ ಹಿಂದಿನ ಬದಿ ಎಂದು ಹಂಚಿಕೊಳ್ಳಿ. ಒಂದೆರಡು ವರ್ಷ ನೋಡಲು ವಿಕಾರ. ನೆರೆಯವರು ಏನಾದರೂ ಅಂದರೆ ಅನ್ನಿಸಿಕೊಳ್ಳಿ. ಬೇರು ಕೊಳೆತು ಸೊರಗಿದ ಗಿಡಕ್ಕೆ ಮಾತ್ರ ಈ ಚಿಕಿತ್ಸೆ ಸಲ್ಲದು, ಅದಕ್ಕೆ ಚಿಗುರುವ ಶಕ್ತಿ ಇರುವುದಿಲ್ಲ.

ಕತ್ತರಿಸಿದ ಸೊಪ್ಪನ್ನು ಏನು ಮಾಡುತ್ತೀರಿ? ಇಲ್ಲಿಂದ ವಿಷದ ಮಾತು. ಯೂ ಗಿಡದ ಎಲೆ, ತೊಗಟೆ, ಕಡ್ಡಿ, ಬೀಜ ಎಲ್ಲದರಲ್ಲೂ ಟ್ಯಾಕ್ಸಿನ್ ಎಂಬ ವಿಷವಿದೆ. ಅದು ನೇರವಾಗಿ ಹೃದಯದ ಬಡಿತವನ್ನು ಕೆಡಿಸುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ರೋಮನ್ನರ ವಿರುದ್ಧ ಎದ್ದು ಸೋತ ಕಟುವೊಲ್ಕಸ್ ಎಂಬ ಅರಸ ಯೂ ವಿಷ ಕುಡಿದು ಸತ್ತನೆಂದು ಜೂಲಿಯಸ್ ಸೀಸರ್ ತನ್ನ ಯುದ್ಧದ ಬರಹದಲ್ಲಿ ದಾಖಲಿಸಿದ್ದಾನೆ. ಕುದುರೆ, ದನಗಳು ಒಂದು ಸಣ್ಣ ಹೊರೆ ತಿಂದರೂ ನಿಂತಲ್ಲೇ ಬೀಳುತ್ತವೆ. ಒಣಗಿದ ಮೇಲೂ ವಿಷ ಹೋಗುವುದಿಲ್ಲ. 2017ರ ಜನವರಿಯಲ್ಲಿ ಐಡಹೋ ರಾಜ್ಯದ ಪೇಯೆಟ್ ಊರಿನಲ್ಲಿ, ಹಿಮಕ್ಕೆ ಮೇವಿಲ್ಲದೆ ಊರೊಳಗೆ ಬಂದ ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿಗಳು ಜಪಾನಿ ಯೂ ತಿಂದು 50ರಷ್ಟು ಒಟ್ಟಿಗೆ ಸತ್ತವು. ನಿಮ್ಮ ಮನೆ ಹೊಲಗಳ ಅಂಚಿನಲ್ಲಿದ್ದರೆ ಕತ್ತರಿಸಿದ ಸೊಪ್ಪನ್ನು ಬೇಲಿಯಾಚೆ ಎಸೆಯಬೇಡಿ. ಆಚೆ ಯಾರದೋ ಹಸು, ಕುದುರೆ ಇದ್ದೀತು. ಚೀಲಕ್ಕೆ ತುಂಬಿ ಪುರಸಭೆಯ ತೋಟದ ಕಸಕ್ಕೆ ಹಾಕಿ.

ಕೆಂಪು ಹಣ್ಣಿನ ತಿರುಳು ಮಾತ್ರ ವಿಷವಲ್ಲ. ಹಕ್ಕಿಗಳು ತಿರುಳಿಗಾಗಿ ನುಂಗಿ ಬೀಜವನ್ನು ಹಾಗೇ ಹಿಕ್ಕೆಯಲ್ಲಿ ಬಿಡುತ್ತವೆ. ಮಗು ಹಣ್ಣನ್ನು ಚೆರ್ರಿ ಎಂದುಕೊಂಡು ಬಾಯಿಗೆ ಹಾಕಿಕೊಂಡರೆ ಬೀಜ ಅಗಿಯಿತೋ ಇಲ್ಲವೋ ಎಂಬುದೇ ಮುಖ್ಯ. ನೀವು ಊಹಿಸುತ್ತ ಕೂರಬೇಡಿ. ಬಾಯಿಂದ ಉಳಿದದ್ದನ್ನು ತೆಗೆದು, ಕೂಡಲೇ ವಿಷ ನಿಯಂತ್ರಣ ಕೇಂದ್ರಕ್ಕೆ ಫೋನ್ ಮಾಡಿ: 1-800-222-1222. ಹಗಲು ರಾತ್ರಿ ಇರುತ್ತಾರೆ. ಮಗು ಎಚ್ಚರ ತಪ್ಪಿದರೆ ನೇರ 911. ನಾಯಿಗೆ ಯೂ ಕಡ್ಡಿ ಎಸೆದು ಆಡಿಸಬೇಡಿ. ಪುಟ್ಟ ಮಕ್ಕಳಿರುವ ಮನೆಯವರು ನರ್ಸರಿಯಲ್ಲಿ ಹಣ್ಣು ಬಿಡದ ಗಂಡು ಗಿಡ ಕೇಳಿ ತರಬಹುದು, ಆದರೂ ಎಲೆಯ ವಿಷ ಇದ್ದದ್ದೇ.

ನವರಾತ್ರಿ ಹತ್ತಿರ ಬಂತು. ಮಾವಿನ ಎಲೆ ಸಿಗದೆ ತೋರಣಕ್ಕೆ, ಬೊಂಬೆ ಜೋಡಿಸುವ ಮೆಟ್ಟಿಲಿನ ಪಾರ್ಕಿಗೆ ಅಂಗಳದ ಹಸಿರನ್ನೇ ಕೀಳುವವರುಂಟು. ಅದು ಯೂ ಆಗಿದ್ದರೆ ಬೇಡ. ಬೊಂಬೆ ನೋಡಲು ಬರುವ ಮಕ್ಕಳ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ನಿಮಗೇ ಗೊತ್ತು.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಹಿಮಾಲಯದಲ್ಲಿ ಎರಡು ಮೂರು ಸಾವಿರ ಮೀಟರ್ ಎತ್ತರದಲ್ಲಿ ನಮ್ಮದೇ ಯೂ ಬೆಳೆಯುತ್ತದೆ. ಗಢವಾಲದವರು ಥುನೇರ್ ಎನ್ನುತ್ತಾರೆ. ಕೆಮ್ಮಿನ ಚೂರ್ಣಕ್ಕೆ ಬಳಸುವ ತಾಳೀಸಪತ್ರೆಯ ಹೆಸರಿನಲ್ಲಿ ಕೆಲವು ಗಂಧಿಗೆ ಅಂಗಡಿಗಳಲ್ಲಿ ಇದರ ಎಲೆ ಮಾರುವುದುಂಟು. ನಿಜವಾದ ತಾಳೀಸಪತ್ರೆ ಫರ್ ಜಾತಿಯ ಬೇರೆ ಮರದ್ದು. ಹೀಗಿರುವಾಗ ಅಂಗಳದ ಯೂ ಎಲೆ ಕಿತ್ತು ಕಷಾಯ ಕಾಯಿಸುವ ಯೋಚನೆ ಯಾರಿಗೂ ಬರಬಾರದು.

ಈ ಗಿಡದಿಂದಲೇ ಔಷಧ ಬಂದದ್ದೂ ನಿಜ. ಅಮೆರಿಕದ ಪಶ್ಚಿಮ ಕರಾವಳಿಯ ಯೂ ಮರದ ತೊಗಟೆಯನ್ನು 1962ರಲ್ಲಿ ಆರ್ಥರ್ ಬಾರ್ಕ್ಲೆ ಎಂಬ ಸಸ್ಯವಿಜ್ಞಾನಿ ವಾಷಿಂಗ್ಟನ್ ರಾಜ್ಯದ ಕಾಡಿನಿಂದ ಸಂಗ್ರಹಿಸಿದರು. ಅದರಲ್ಲಿದ್ದ ಟ್ಯಾಕ್ಸಾಲ್ ಎಂಬ ವಸ್ತುವಿನ ರಚನೆಯನ್ನು 1971ರಲ್ಲಿ ಪ್ರಕಟಿಸಿದವರು ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ. ವಾಣಿಯವರು ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ ಹುಟ್ಟಿದವರು. 1992ರ ಡಿಸೆಂಬರಿನಲ್ಲಿ ಅಂಡಾಶಯದ ಕ್ಯಾನ್ಸರಿಗೆ ಟ್ಯಾಕ್ಸಾಲ್ ಅಂಗೀಕೃತ ಔಷಧವಾಯಿತು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಹೆಸರಿನಲ್ಲಿ ನಮ್ಮ ಊರಿನ ಆಸ್ಪತ್ರೆಗಳಲ್ಲೂ ಇವತ್ತು ಅದನ್ನು ಕೊಡುತ್ತಾರೆ. ಮೊದಲು ತೊಗಟೆಗಾಗಿ ಮರಗಳನ್ನೇ ಕಡಿಯಬೇಕಾಗಿತ್ತು. ಆಮೇಲೆ ಇಂಗ್ಲಿಷ್ ಯೂ ಎಲೆಯಿಂದ ತೆಗೆದ ವಸ್ತುವಿನಿಂದ ಔಷಧ ತಯಾರಿಸುವ ದಾರಿ ಸಿಕ್ಕಿತು, ಬೇಲಿ ಕತ್ತರಿಸಿದ ಸೊಪ್ಪಿಗೂ ಬೆಲೆ ಬಂತು. ನಮ್ಮ ಹಿಮಾಲಯದ ಯೂ ಮಾತ್ರ ಈ ಬೇಡಿಕೆಗೆ ಸಿಕ್ಕಿ ಬಡವಾಗಿದೆ. 1995ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿದೆ.

ಕೀಟಗಳ ಬಗ್ಗೆ ಎರಡೇ ಮಾತು. ಎಲೆಯಂಚಿನಲ್ಲಿ ಕಚ್ಚಿ ತೆಗೆದ ಗುರುತು ಕಂಡರೆ ಕಪ್ಪು ಮೂತಿಹುಳು ಬಂದಿದೆ. ಅದು ರಾತ್ರಿ ಮೇಯುತ್ತದೆ. ಎಲೆಗೆ ಆಗುವ ಹಾನಿ ದೊಡ್ಡದಲ್ಲ, ಮಣ್ಣಿನೊಳಗೆ ಬೇರು ತಿನ್ನುವ ಅದರ ಮರಿಗಳೇ ಅಪಾಯ. ಮಣ್ಣು ತೇವವಿದ್ದಾಗ ಉಪಕಾರಿ ನೆಮಟೋಡ್‌ಗಳನ್ನು ನೀರಿನಲ್ಲಿ ಕಲಸಿ ಬುಡಕ್ಕೆ ಸುರಿದರೆ ಹತೋಟಿಗೆ ಬರುತ್ತದೆ. ಎಲೆಯ ಮೇಲೆ ಕಪ್ಪು ಬೂಷ್ಟು, ಅಂಟು ಕಂಡರೆ ಹಿಟ್ಟುತಿಗಣೆ ಅಥವಾ ಶಲ್ಕಕೀಟ ಇರುತ್ತದೆ. ತೋಟಗಾರಿಕೆಯ ಎಣ್ಣೆ ಸಿಂಪಡಿಸಿ.

ಇಲ್ಲಿನ ನಿಜವಾದ ಪೀಡೆ ಜಿಂಕೆ. ಐಡಹೋದ ಪ್ರಾಣಿಗಳನ್ನು ಕೊಂದ ಸೊಪ್ಪನ್ನು ಪೂರ್ವ ರಾಜ್ಯಗಳ ಬಿಳಿಬಾಲದ ಜಿಂಕೆ ಚಳಿಗಾಲದಲ್ಲಿ ಚಪ್ಪರಿಸಿ ತಿನ್ನುತ್ತದೆ. ಕುತ್ತಿಗೆ ನಿಲುಕುವಷ್ಟು ಎತ್ತರದವರೆಗೆ ಬೋಳು ಮಾಡುತ್ತದೆ. ಬಲೆ ಕಟ್ಟಬಹುದು, ವಾಸನೆಯ ದ್ರಾವಣ ಹೊಡೆಯಬಹುದು, ಪ್ರತಿ ಮಳೆಯ ನಂತರ ಮತ್ತೆ ಹೊಡೆಯಬೇಕು. ದಿನವೂ ಅಂಗಳಕ್ಕೆ ಜಿಂಕೆ ಬರುವ ಬಡಾವಣೆಯಾದರೆ ಯೂ ಆಸೆ ಬಿಡಿ. ಬಿಸಿಲಿದ್ದರೆ ಜುನಿಪರ್, ಇಲ್ಲದಿದ್ದರೆ ಬಾಕ್ಸ್‌ವುಡ್ ಹಾಕಿ. ಟೆಕ್ಸಸ್, ಜಾರ್ಜಿಯಾ ಕಡೆಯ ಸೆಕೆಗೂ ಯೂ ಆಗದು. ಅಲ್ಲಿ ಪ್ಲಮ್ ಯೂ ಎಂಬ ಅದರ ನಂಟ ಚೆನ್ನಾಗಿ ಬರುತ್ತದೆ, ಜಿಂಕೆಯೂ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ.

ಊರಿಗೆ ಹೋಗುವಾಗ ಒಂದು ಸಸಿ ಒಯ್ದು ಬೆಂಗಳೂರಿನ ಮನೆಯ ಮುಂದೆ ನೆಡಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಗಿಡ ಸಾಗಿಸುವ ಕಾನೂನಿನ ತೊಡಕು ಒಂದು ಕಡೆ. ಚಳಿಗಾಲವೇ ಇಲ್ಲದ ಊರಿನಲ್ಲಿ ಅದು ಏಳಿಗೆಯಾಗುವುದಿಲ್ಲ. ಅಲ್ಲಿಗೆ ಪೊಡೊಕಾರ್ಪಸ್ ಇದೆ. ನೋಡಲು ದೊಡ್ಡ ಎಲೆಯ ಯೂ ಎಂದೇ ಅನ್ನಿಸುತ್ತದೆ, ಕತ್ತರಿಗೂ ಬಗ್ಗುತ್ತದೆ.

ಈಗ ಸೆಪ್ಟೆಂಬರ್. ಈ ಶನಿವಾರ ಮಳೆ ಬಂದರೆ ಕೊಡೆ ಹಿಡಿದು ಒಮ್ಮೆ ಮನೆಯ ಸುತ್ತ ನಡೆಯಿರಿ. ಕೊಳವೆಯ ನೀರು ಯೂ ಬುಡಕ್ಕೆ ಸುರಿಯುತ್ತಿದ್ದರೆ ಹಾರ್ಡ್‌ವೇರ್ ಅಂಗಡಿಯಿಂದ ಉದ್ದದ ಪೈಪೊಂದನ್ನು ತಂದು ಅದನ್ನು ಅಂಗಳದ ಆಚೆಗೆ ತಿರುಗಿಸಿ. ತೋಟದ ಕೆಲಸದವರು ಈ ತಿಂಗಳು ಎಂಜಿನ್ ಕತ್ತರಿ ಹಿಡಿದು ಬಂದರೆ, ಹುಲ್ಲು ಕತ್ತರಿಸಿ ಹೋಗಿ, ಯೂ ಮುಟ್ಟಬೇಡಿ ಎಂದು ಹೇಳಿ ಕಳಿಸಿ.